ಬಸವಣ್ಣನ ಕಿವಿ ಕೂದಲು

ಸುಳ್ಳು ಹೇಳುವವರು ಏನನ್ನಾದರೂ ಹೇಳಲಿ, ದೇವರ ಹೆಸರನ್ನು ಮಾತ್ರ ನಡುವೆ ಎಳೆದು ತರಬಾರದು. ತಂದರೆ ದೇವರು ಬಂದ ದಾರಿ ಹಿಡಿದು ವಾಪಸು ಹೋಗುವುದಿಲ್ಲ, ಮನೆಯಲ್ಲೇ ಠಿಕಾಣಿ ಹೂಡುತ್ತಾನೆ. ಬೆಳಗಾವಿಯ ಶಿವಬಸವ ನಗರದ ಕಾಂತಾಳಿಗೆ ಈ ಬುದ್ಧಿ ಬಂದದ್ದು ತಡವಾಗಿ, ದೇವರು ಜಗಲಿ ಏರಿ ಕುಳಿತ ಮೇಲೆ.

ಕಾಂತಾಳ ತಂದೆ ಕಲ್ಲಯ್ಯನವರು ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚುತ್ತಿದ್ದರು. ರಾಜ, ರಾಕ್ಷಸ, ಸಾಧು, ಸಾಹುಕಾರ, ಎಲ್ಲರ ಮುಖವೂ ಅವರ ಕೈಯಲ್ಲೇ ಹುಟ್ಟಬೇಕು. ಕಂಪನಿ ಮುಚ್ಚಿದಾಗ ಪರದೆ ಒಬ್ಬರ ಪಾಲಾಯಿತು, ಹಾರ್ಮೋನಿಯಂ ಇನ್ನೊಬ್ಬರ ಪಾಲಾಯಿತು. ಕಲ್ಲಯ್ಯನವರ ಪಾಲಿಗೆ ಉಳಿದದ್ದು ಏಳು ಬ್ರಷ್ಷು. ಮಗಳ ಮದುವೆಯಲ್ಲಿ ಅವನ್ನೇ ಒಂದು ಮಖಮಲ್ಲಿನ ಚೀಲಕ್ಕೆ ಹಾಕಿ ಕೊಟ್ಟು, "ಬಂಗಾರ ಕೊಡೋ ತಾಕತ್ತು ನನಗಿಲ್ಲವ್ವ. ಇವನ್ನ ನೀಟಾಗಿ ಇಟಗೊಂಡ್ರ ಬಂಗಾರ ತಾನ ಬರತೈತಿ" ಎಂದಿದ್ದರು.

ಕಾಂತಾ ಇಟ್ಟುಕೊಂಡದ್ದೂ ನೀಟಾಗಿಯೇ. ಓಣಿಯ ಆಚೆ ಬದಿಯ ಮಮ್ತಾಜನ ಮಗಳು ನೂರಜಹಾನ ಮದರಂಗಿ ಹಾಕುವುದರಲ್ಲಿ ಎತ್ತಿದ ಕೈ. ಇಬ್ಬರೂ ಹೊಲಿಗೆ ಕ್ಲಾಸಿನಲ್ಲಿ ಗೆಳತಿಯರಾದವರು. ಹಿಂದವಾಡಿ ಕಡೆ ಮದುವೆ ಎಂದರೆ ಕೈ ನೂರಜಹಾನಳಿಗೆ, ಮುಖ ಕಾಂತಾಳಿಗೆ. ಮದುವೆ ಮುಗಿದ ಮಾರನೆಯ ದಿನ ಇಬ್ಬರೂ ಹಿತ್ತಲ ಕಲ್ಲಿನ ಹತ್ತಿರ ಕುಳಿತು ಬ್ರಷ್ ತೊಳೆಯುತ್ತಿದ್ದರು. ಮೊದಲು ಅಂಗೈಯಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ. ಅದರಲ್ಲಿ ಹೊರಳಿಸಿದರೆ ಎಂಥ ಹಟಮಾರಿ ಬಣ್ಣವೂ ಬಿಡುತ್ತದೆ. ಆಮೇಲೆ ಅಂಟವಾಳದ ನೊರೆ, ಕೊನೆಗೆ ಉಗುರು ಬೆಚ್ಚಗಿನ ನೀರು. ನೀರು ಕೂದಲಿಗೆ ಮಾತ್ರ ಸೋಕಬೇಕು, ತಗಡಿನ ಕೊರಳೊಳಗೆ ಇಳಿಯಬಾರದು. ಇಳಿದರೆ ಅಂಟು ಸಡಿಲಾಗಿ ಕೂದಲು ಉದುರುತ್ತದೆ. ಇದೆಲ್ಲ ಅಪ್ಪ ಕಲಿಸಿದ್ದು.

ಈ ಏಳರಲ್ಲಿ ಆರು ಎತ್ತಿನ ಕಿವಿಯ ಕೂದಲಿನವು, ರೇಷ್ಮೆಯಂತೆ ಮೆತ್ತಗೆ. ಏಳನೆಯದು ದಪ್ಪನೆಯದು, ಒರಟು. ರಾಕ್ಷಸರ ಮುಖಕ್ಕೆ ಬಣ್ಣ ಬಳಿಯಲಿಕ್ಕೆ ಮಾಡಿದ್ದು. ಅದು ಹಂದಿಯ ಕೂದಲು. ಕಾಂತಾ ಇದನ್ನು ಮೊದಲ ದಿನವೇ ಗೆಳತಿಗೆ ಹೇಳಿಬಿಟ್ಟಿದ್ದಳು. ಅಂದಿನಿಂದ ನೂರಜಹಾನ ಅದನ್ನು ಮುಟ್ಟಿದವಳಲ್ಲ. ಹೆಸರು ಸಹ ಎತ್ತುತ್ತಿರಲಿಲ್ಲ, "ಅವ" ಅನ್ನುತ್ತಿದ್ದಳು. "ಆರು ನಾ ತೊಳಿತೀನಿ. ಅವನ್ನ ನೀನ ನೋಡ್ಕೊ, ತೌಬಾ!"

ಇನ್ನು ಕಾಂತಾಳ ಮನಸ್ಸಿನಲ್ಲಿದ್ದ ಆಸೆ ಒಂದೇ. ಮನೆಯ ಮುಂದೆ ಬೀದಿಗೆ ಬಾಗಿಲಿರುವ ಒಂದು ಕೋಣೆ ಇತ್ತು. ಜೋಳದ ಚೀಲ, ಕಾಲು ಮುರಿದ ಹೊರಸು, ಹಳೆಯ ಬೀಸುಕಲ್ಲು ಅದರ ಒಡೆತನ ನಡೆಸುತ್ತಿದ್ದವು. ಅಲ್ಲೊಂದು ಕನ್ನಡಿ, ಎರಡು ಕುರ್ಚಿ ಹಾಕಿ ಬ್ಯೂಟಿ ಪಾರ್ಲರ್ ಮಾಡಬೇಕು. ಮದುವೆ ಮನೆಗಳಿಗೆ ಚೀಲ ಹಿಡಿದು ಅಲೆಯುವುದು ಬೇಡ, ಮುಖಗಳೇ ತನ್ನ ಬಾಗಿಲಿಗೆ ಬರಲಿ. ವಿದ್ಯುತ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಗಂಡ ಗುರುಪುತ್ರಪ್ಪನನ್ನು ಕೇಳಿದರೆ, "ಅವ್ವ ಹೂಂ ಅಂದ್ರ ನಂದೂ ಹೂಂ" ಅನ್ನುತ್ತಿದ್ದ. ಅವನ ಬಾಯಿಂದ ಸ್ವಂತದ್ದೊಂದು ಹೂಂ ಹೊರಟದ್ದನ್ನು ಯಾರೂ ಕೇಳಿರಲಿಲ್ಲ.

ಅವ್ವ ಅಂದರೆ ಬಾಳವ್ವ. ಖಾನಾಪುರ ತಾಲೂಕಿನ ಗುಂಜಿ ಆಕೆಯ ತವರು. ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ, ಹಣೆ ತುಂಬ ವಿಭೂತಿ. ಕೋಳಿ ತತ್ತಿಯ ಹೆಸರು ಕಿವಿಗೆ ಬಿದ್ದರೂ ಬಾಯಿ ಮುಕ್ಕಳಿಸುವ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಕನ್ನಡಿಯ ಮುಂದೆ ನಿಂತವಳಲ್ಲ. ಸೊಸೆ ಊರವರ ಮುಖ ತಿದ್ದಲು ಹೋಗುವುದು ಆಕೆಗೆ ಹಿಡಿಸಿದಂತೆಯೂ ಇರಲಿಲ್ಲ, ಹಿಡಿಸದಂತೆಯೂ ಇರಲಿಲ್ಲ. ಬಾಳವ್ವನ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯುವುದು ಅಷ್ಟು ಸುಲಭದ ಮಾತಲ್ಲ.

ಒಂದು ದಿನ ಕಾಂತಾ ತೊಳೆದ ಬ್ರಷ್ಷುಗಳನ್ನು ಒಂದು ಲೋಟದಲ್ಲಿ ನಿಲ್ಲಿಸಿ, ಲೋಟವನ್ನು ಊಟದ ತಾಟಿನಲ್ಲಿಟ್ಟು, ಅಡುಗೆಮನೆಯ ಕಟ್ಟೆಯ ಮೇಲೆ ಒಣಗಲು ಬಿಟ್ಟಿದ್ದಳು. ತೊಳೆಯುವುದರಲ್ಲಿ ಎಷ್ಟು ಚುರುಕೋ ಒಣಗಿಸುವುದರಲ್ಲಿ ಅಷ್ಟೇ ಸೋಮಾರಿ. ಬಾಳವ್ವ ಬಂದು ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡಳು.

"ಕಾಂತಾ, ಉಣ್ಣೋ ತಾಟಿನ್ಯಾಗ ಇದೇನ ಇಟ್ಟೀದಿ?"

"ಬ್ರಷ್ ರೀ ಅತ್ತಿ. ಒಣಗಾಕ ಇಟ್ಟೇನ್ರಿ."

"ಕೂದಲ ಇದ್ದಂಗ ಐತೆಲ್ಲ. ಯಾವ ಪ್ರಾಣೀದು?"

ಎತ್ತಿನದು ಎಂದರೆ ಎತ್ತನ್ನು ಯಾರು, ಯಾಕೆ, ಎಲ್ಲಿ ಕೊಂದರು ಎಂಬ ವಿಚಾರಣೆ ಶುರುವಾಗುತ್ತದೆ. ಹಂದಿಯದು ಎಂದರೆ ಬ್ರಷ್ಷಿನ ಜೊತೆ ತಾನೂ ಬೀದಿಗೆ. ಕಾಂತಾ ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು.

"ಬಸವಣ್ಣಂದ್ರೀ ಅತ್ತಿ. ಕಿವಿ ಕೂದಲ. ಹೆಚ್ಚಾಗಿ ಬೆಳದದ್ದನ್ನ ಕತ್ತರಸ್ತಾರಂತ. ಬಸವಣ್ಣಗ ಏನೂ ನೋವ ಆಗಂಗಿಲ್ಲಂತ್ರಿ."

"ಏಳೂ?"

"ಏಳೂ ರೀ."

ಬಾಳವ್ವ ಬಲಗೈಯಿಂದ ಲೋಟ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದಳು. ಗೆದ್ದೆ ಎಂದುಕೊಂಡಳು ಕಾಂತಾ.

ಮರುದಿನ ಬೆಳಿಗ್ಗೆ ನೋಡಿದರೆ ಲೋಟ ಖಾಲಿ. ದೇವರ ಜಗಲಿಯ ಮೇಲೆ, ದೀಪದ ಹಿತ್ತಾಳೆಯ ಸಮೆಯ ಪಕ್ಕದಲ್ಲಿ, ಬಿಳಿ ಪಂಚೆಯ ತುಂಡು ಹಾಸಿ ಏಳೂ ಬ್ರಷ್ಷುಗಳನ್ನು ಸಾಲಾಗಿ ಮಲಗಿಸಲಾಗಿತ್ತು. ಪ್ರತಿಯೊಂದರ ಹಿಡಿಕೆಯ ಮೇಲೂ ಮೂರೆಳೆ ವಿಭೂತಿ, ಒಂದೊಂದು ಪತ್ರಿ ದಳ. ಎಲ್ಲರಿಗಿಂತ ದಪ್ಪಗಿದ್ದದ್ದರಿಂದ ನಡುವಿನ ಗೌರವದ ಸ್ಥಾನ "ಅವ"ನಿಗೇ ಸಿಕ್ಕಿತ್ತು, ಮೇಲೊಂದು ಕೆಂಪು ದಾಸವಾಳವೂ ಬಿದ್ದಿತ್ತು.

ಕಾಂತಾ ಅಡುಗೆಮನೆಗೆ ಓಡಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ನಗು ಇಳಿದ ಮೇಲೆ ಭಯ ಹತ್ತಿತು. ಶಿವ ಶಿವಾ, ಜಗಲಿಯ ಮೇಲೆ ಹಂದಿ! ಹೇಳಿದರೆ ಅತ್ತೆ ಎದೆ ಒಡೆದುಕೊಳ್ಳುತ್ತಾಳೆ, ಹೇಳದಿದ್ದರೆ ತನ್ನ ಎದೆ ಒಡೆಯುತ್ತದೆ. ಬಿಸಿ ತುಪ್ಪ ಉಗುಳಲೂ ಬಾರದು, ನುಂಗಲೂ ಬಾರದು. ನೂರಜಹಾನಳಿಗೆ ವಿಷಯ ತಿಳಿದಾಗ ಆಕೆ ಹಿತ್ತಲ ಕಲ್ಲಿನ ಮೇಲೆ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ನಂಗರ ಬರೇ ಮುಟ್ಟಬಾರದಿತ್ತು. ನೀವು ಪೂಜಾ ಮಾಡಾಕ ಹತ್ತೀರಲ್ಲವಾ" ಎಂದಳು.

ಆದರೆ ಪೂಜೆಗೆ ಕುಳಿತವರು ದುಡಿಮೆಗೆ ಬರಬೇಕಲ್ಲ. ಆ ವಾರವೇ ಹಿಂದವಾಡಿಯಲ್ಲಿ ಒಂದು ಮದುವೆ. ಕಾಂತಾ ಬುದ್ಧಿ ಓಡಿಸಿ ಅತ್ತೆಯ ಮುಂದೆ ಕೈ ಕಟ್ಟಿ ನಿಂತಳು.

"ಅತ್ತಿ, ಕಾಯಕ ಬಿಟ್ಟು ಸುಮ್ನ ಕುಂತ ಬಸವಣ್ಣ ಎಲ್ಲೆರೆ ಅದಾನೇನ್ರಿ? ನಾವು ಹಿಂಗ ಜಗಲಿ ಮ್ಯಾಲ ಕೂಡಿಸಿದ್ರ ಅವಂಗ ಬ್ಯಾಸರ ಆಗೂದಿಲ್ಲೇನ್ರಿ?"

ಬಾಳವ್ವ ಕನ್ನಡಕದ ಮೇಲಿಂದ ಸೊಸೆಯನ್ನು ಅಳೆದಳು.

"ಖರೇ ಐತಿ" ಎಂದಳು. "ಒಯ್ಯಿ. ಆದ್ರ ದುಡಿಸಿ ತಂದ ಮ್ಯಾಲ ಮೈ ತೊಳಿಯೂದು ನನ್ನ ಕಣ್ಣ ಮುಂದ. ಮತ್ತ ಸೋಮವಾರ ನೊಗ ಹಾಕಂಗಿಲ್ಲ. ನಮ್ಮ ತವರಮನ್ಯಾಗ ಸೋಮವಾರ ಬಸವಣ್ಣ ಹೊಲದ ಮಾರೀನ ನೋಡತಿದ್ದಿಲ್ಲ."

ಸೋಮವಾರವಷ್ಟೇ ತಾನೇ, ಹೋಗಲಿ ಎಂದು ಕಾಂತಾ ಒಪ್ಪಿದಳು.

ಅಂದಿನಿಂದ ಬ್ರಷ್ಷುಗಳ ಆರೈಕೆಗೆ ಒಬ್ಬ ಯಜಮಾನಿ ಬಂದಂತಾಯಿತು. ಬಾಳವ್ವ ಹಿತ್ತಲ ಮೆಟ್ಟಿಲ ಮೇಲೆ ಮೊರದಲ್ಲಿ ಅಕ್ಕಿ ಇಟ್ಟುಕೊಂಡು ಕೂರುವಳು. ಕಣ್ಣು ಅಕ್ಕಿಯ ಮೇಲಲ್ಲ, ಕಲ್ಲಿನ ಮೇಲೆ. ನೀರನ್ನು ಮೊಣಕೈಗೆ ತಾಗಿಸಿ ನೋಡಿ, "ಸುಡತೈತಿ, ಆರಲಿ" ಅನ್ನುವಳು. ತಿಕ್ಕುವುದು ಜೋರಾದರೆ, "ಏ ಹುಡುಗಿ, ಅದು ಕಿವಿ. ಎತ್ತಿನ ಬೆನ್ನ ತಿಕ್ಕಿದಂಗ ತಿಕ್ಕಬ್ಯಾಡ" ಅನ್ನುವಳು. ಎಲ್ಲಕ್ಕಿಂತ ದೊಡ್ಡ ಜಗಳ ಒಣಗಿಸುವುದಕ್ಕೆ ಬಂತು. ಕಾಂತಾ ರೂಢಿಯಂತೆ ಲೋಟದಲ್ಲಿ ನಿಲ್ಲಿಸಲು ಹೋದಾಗ ಬಾಳವ್ವ ಕೈ ಹಿಡಿದು ತಡೆದಳು.

"ಹೊಳ್ಯಾಗ ಮೈ ತೊಳದ ಬಸವಣ್ಣನ ಬಾಲ ಮ್ಯಾಲ ಇರತೈತೋ, ಕೆಳಗ ಇರತೈತೋ?"

"ಕೆಳಗ ರೀ."

"ನೀರ ಎತ್ತಾಗ ಹೋಗತೈತಿ?"

"ಕೆಳಗ ರೀ."

"ಮತ್ತ?"

ಅಪ್ಪ ನಾಟಕದ ಪರದೆಯ ಹಗ್ಗಕ್ಕೆ ಬ್ರಷ್ಷುಗಳನ್ನು ತಲೆಕೆಳಗಾಗಿ ಕಟ್ಟುತ್ತಿದ್ದದ್ದು ಕಾಂತಾಳಿಗೆ ಆಗ ನೆನಪಾಯಿತು. ಅವತ್ತಿನಿಂದ ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಸಿಕ್ಕಿಸಿ, ಕೂದಲು ಕೆಳಗಾಗಿ ತೂಗುಬಿಡುವುದು ಮನೆಯ ನೇಮವಾಯಿತು. ಅರೆ ಒಣಗಿದ ಮೇಲೆ ಬಾಳವ್ವ ತಾನೇ ಎರಡು ಬೆರಳಲ್ಲಿ ಕೂದಲು ಸವರಿ ತುದಿ ಕೂಡಿಸುವಳು. ಬ್ರಷ್ಷುಗಳಿಗೆ ಹೊಸ ಹರೆಯ ಬಂತು. ಅತ್ತೆ ಸೊಸೆ ಒಂದೇ ಕಲ್ಲಿನ ಹತ್ತಿರ ಕೂರತೊಡಗಿದರು, ಒಮ್ಮೊಮ್ಮೆ ನಗಲೂ ತೊಡಗಿದರು. ಕಾಂತಾಳಿಗೆ ಅತ್ತೆ ಮೊದಲ ಬಾರಿ ಇಷ್ಟವಾದಳು. ಇಷ್ಟವಾದಷ್ಟೂ ಸುಳ್ಳು ಚುಚ್ಚತೊಡಗಿತು. ಇಷ್ಟೆಲ್ಲ ನಡೆದರೂ ನೂರಜಹಾನ ಆರನ್ನು ತೊಳೆದು ಏಳನೆಯದನ್ನು ಕಾಂತಾಳ ಕಡೆಗೆ ಕಡ್ಡಿಯಿಂದ ದಬ್ಬುವುದು ತಪ್ಪಲಿಲ್ಲ.

ಹೀಗಿರುವಾಗ ಗುಂಜಿಯಿಂದ ಬಾಳವ್ವನ ತಮ್ಮ ರಾಯಪ್ಪ ಮಗಳ ಮದುವೆಗೆ ಕರೆಯಲು ಬಂದ. "ಬೀಗರು ಧಾರವಾಡದವ್ರು, ಭಾಳ ನಾಜೂಕ ಮಂದಿ. ನಮ್ಮ ರೇಣವ್ವನ ಮಾರಿ ಕಾಂತಾನ ಕೈಲೇ ಆಗಬೇಕು" ಎಂದ. ಕಾಂತಾಳಿಗೆ ಕುಣಿಯುವಂತಾಯಿತು. ಅತ್ತೆಯ ತವರಿನಲ್ಲಿ, ಅತ್ತೆಯ ಬಳಗದ ಮುಂದೆ ಸೈ ಅನ್ನಿಸಿಕೊಂಡರೆ ಬೀದಿಕೋಣೆ ಸಿಕ್ಕಂತೆಯೇ.

"ಮದಿವಿ ಎಂದೈತಿ?" ಎಂದು ಕೇಳಿದಳು ಬಾಳವ್ವ.

"ಮುಂದಿನ ಸೋಮವಾರ ಅಕ್ಕಾ."

ಮಾಡಿದ್ದುಣ್ಣೋ ಮಹಾರಾಯ! ಕಾಂತಾ ಗಂಡನ ಮುಖ ನೋಡಿದಳು. ಗುರುಪುತ್ರಪ್ಪ ಸೂರಿನ ಕಡೆ ನೋಡಿದ. ರಾಯಪ್ಪ ಹೋದ ಮೇಲೆ ಅವಳು ಅತ್ತೆಯ ಕಾಲ ಹತ್ತಿರ ಕುಳಿತು ಗೋಗರೆದಳು. ಬಾಳವ್ವ ಕಲ್ಲು.

"ನನ್ನ ತಮ್ಮನ ಮಗಳಾದ್ರೇನು, ದೊರೆ ಮಗಳಾದ್ರೇನು? ಬಸವಣ್ಣ ಸೋಮವಾರ ನೊಗಕ್ಕ ಬರಂಗಿಲ್ಲ. ಬ್ಯಾರೇ ಏನರ ಇದ್ರ ಹೇಳು."

ಬೇರೆ ಏನಾದರೂ! ಬೇರೆಯದು ಇತ್ತಲ್ಲ, ಜಗಲಿಯ ನಟ್ಟನಡುವೆಯೇ ಇತ್ತು. ಅದಕ್ಕೆ ಸೋಮವಾರವೂ ಇಲ್ಲ, ಶಿವರಾತ್ರಿಯೂ ಇಲ್ಲ. ಆದರೆ ಹಾಗೆಂದು ಬಾಯಿ ಬಿಟ್ಟರೆ ಇಷ್ಟು ದಿನದ ವಿಭೂತಿಯ ಲೆಕ್ಕ ಕೊಡಬೇಕು. ಕಾಂತಾ ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಮುಚ್ಚಿದಳು. ಬಾಳವ್ವ ಅದನ್ನೇ ನೋಡುತ್ತ ಕುಳಿತಿದ್ದಳು.

ಸೋಮವಾರ ನಸುಕಿನಲ್ಲಿ ಅತ್ತೆ ಬಚ್ಚಲಿಗೆ ಹೋದ ಹೊತ್ತು ನೋಡಿ ಕಾಂತಾ ಜಗಲಿಗೆ ಕೈ ಹಾಕಿದಳು. ಬಸವಣ್ಣರನ್ನು ಮುಟ್ಟಲಿಲ್ಲ, ಅಷ್ಟು ಧೈರ್ಯ ಇರಲಿಲ್ಲ. "ಅವ"ನನ್ನು ಮಾತ್ರ ಎತ್ತಿ ಟ್ರಂಕಿನ ಬಟ್ಟೆಗಳ ನಡುವೆ ಅಡಗಿಸಿದಳು. ಖಾಲಿ ಜಾಗ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು. ಸುತ್ತ ನೋಡಿದಳು. ಕಿಟಕಿಯಲ್ಲಿ ಗಂಡನ ದಾಡಿ ಬ್ರಷ್ ಇತ್ತು. ದಪ್ಪ ಸರಿಯಾಗಿದೆ, ದೀಪದ ಬೆಳಕಿನಲ್ಲಿ ಯಾರಿಗೆ ತಿಳಿಯುತ್ತದೆ? ಅದನ್ನೇ ನಡುವೆ ಮಲಗಿಸಿ ಹೂವು ಮುಚ್ಚಿದಳು.

ಬಾಳವ್ವ ಬಂದಳು, ಕುಳಿತಳು, ದಾಡಿ ಬ್ರಷ್ಷಿಗೂ ಮೂರೆಳೆ ವಿಭೂತಿ ಎಳೆದಳು. ಆ ಕಡೆ ಗುರುಪುತ್ರಪ್ಪ ಕೆನ್ನೆಗೆ ನೀರು ಹಚ್ಚಿಕೊಂಡು ಮನೆಯೆಲ್ಲ ತಡಕಾಡುತ್ತಿದ್ದ.

"ನನ್ನ ದಾಡಿ ಬ್ರಷ್ ಯಾರ ತೊಗೊಂಡ್ರು?"

"ದೇವ್ರಿಗೇ ಗೊತ್ತು ನೋಡ್ರಿ" ಎಂದಳು ಕಾಂತಾ.

ಗುಂಜಿಗೆ ಹೋಗುವ ಪ್ಯಾಸೆಂಜರಿನಲ್ಲಿ ಖಾನಾಪುರ ದಾಟುವವರೆಗೂ ಗುರುಪುತ್ರಪ್ಪ ಗದ್ದ ಕೆರೆದುಕೊಳ್ಳುತ್ತಲೇ ಇದ್ದ. ಮದರಂಗಿ ಹಾಕಲೆಂದು ಜೊತೆಗೆ ಹೊರಟಿದ್ದ ನೂರಜಹಾನ ಕಿಟಕಿಯ ಆಚೆಗಿನ ಕಾಡು ನೋಡುವ ನೆಪದಲ್ಲಿ ನಗು ನುಂಗುತ್ತಿದ್ದಳು. ಬಾಳವ್ವ ಮಾತ್ರ ತೊಡೆಯ ಮೇಲೆ ಬಟ್ಟೆಯ ಗಂಟೊಂದನ್ನು ಇಟ್ಟುಕೊಂಡು, ಕಣ್ಣು ಮುಚ್ಚಿ, ಬಹಳ ನೆಮ್ಮದಿಯಿಂದ ಕುಳಿತಿದ್ದಳು.

ಮದುವೆ ಮನೆಯ ಒಳಕೋಣೆಯಲ್ಲಿ ರೇಣವ್ವನನ್ನು ಮಣೆಯ ಮೇಲೆ ಕೂಡಿಸಿದರು. ಕಾಂತಾ ಬಣ್ಣದ ಡಬ್ಬಿ ತೆರೆದಳು. ಕೈಯಲ್ಲಿದ್ದದ್ದು ರಾಕ್ಷಸರ ಬ್ರಷ್ ಒಂದೇ, ಇನ್ನುಳಿದದ್ದಕ್ಕೆ ಹತ್ತು ಬೆರಳು. ಪೌಡರ್ ಹಚ್ಚಿ ಬ್ರಷ್ಷನ್ನು ಕೆನ್ನೆಯ ಮೇಲೆ ಆಡಿಸಿದಳು.

"ಅಯ್ಯ, ಚುಚ್ಚತೈತಿ ವೈನಿ!" ಎಂದಳು ರೇಣವ್ವ.

"ಮದಿವಿ ಅಂದ್ರ ಹಂಗ. ತಡ್ಕೊ."

ಚುಚ್ಚಿದ್ದು ಒಳ್ಳೆಯದೇ ಆಯಿತು. ಆ ಒರಟು ಕೂದಲು ಸವರಿದಲ್ಲೆಲ್ಲ ರಕ್ತ ಮೇಲೆ ಬಂದು ಹುಡುಗಿಯ ಒಂದು ಕೆನ್ನೆ ತಾನಾಗಿಯೇ ಕೆಂಪೇರಿತು. ಡಬ್ಬಿಯ ಬಣ್ಣ ಬೇಕೇ ಆಗಲಿಲ್ಲ. ನೋಡಲು ಬಂದ ಹೆಂಗಸರು ಬಾಯಿ ಬಿಟ್ಟರು. ಎಲ್ಲರಿಗಿಂತ ಮುಂದೆ ನಿಂತವಳು ಕಾಶವ್ವ, ಬಾಳವ್ವನ ಚಿಕ್ಕವ್ವ. ಹಲ್ಲು ಎಲ್ಲ ಹೋಗಿದ್ದರೂ ನಾಲಗೆ ಮೊನಚಾಗಿಯೇ ಇತ್ತು.

"ಭಾಳ ಚಂದ ಆತವ್ವಾ. ಅದೇನದು ನಿನ್ನ ಕೈಯಾಗ? ಯಾವ ಪ್ರಾಣಿ ಕೂದಲ?"

ನೂರಜಹಾನಳ ಕೈಯಿಂದ ಮದರಂಗಿಯ ಕಡ್ಡಿ ಬಿತ್ತು. ಕಾಂತಾ ತಲೆ ಎತ್ತಿ ನೋಡಿದಳು. ಬಾಗಿಲಲ್ಲಿ ಅತ್ತೆ ನಿಂತಿದ್ದಾಳೆ, ಜಗಲಿಯ ಮೇಲಿರಬೇಕಾದದ್ದು ತನ್ನ ಕೈಯಲ್ಲಿದೆ, ಇವತ್ತು ಸೋಮವಾರ. ಬೀದಿಕೋಣೆ ಹೋಯಿತು ಎಂದುಕೊಂಡಳು. ಅದಕ್ಕಿಂತ ಹೆಚ್ಚಾಗಿ, ಹಿತ್ತಲ ಕಲ್ಲಿನ ಹತ್ತಿರ ಅತ್ತೆ ಇನ್ನು ಕೂರುವುದಿಲ್ಲವಲ್ಲ ಎಂದು ಅಳು ಬಂತು.

"ಬಸವಣ್ಣಂದು" ಎಂದಳು ಬಾಗಿಲಲ್ಲಿದ್ದ ಬಾಳವ್ವ, ರೆಪ್ಪೆ ಬಡಿಯದೆ. "ಕಿವಿ ಕೂದಲ. ಹೆಚ್ಚಾಗಿ ಬೆಳದದ್ದನ್ನ ಕತ್ತರಸ್ತಾರ. ಅವಂಗ ನೋವ ಆಗಂಗಿಲ್ಲ."

ಕಾಶವ್ವ ಬ್ರಷ್ಷನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಒತ್ತಿಕೊಂಡ ಕೈ ಅಲ್ಲೇ ನಿಂತಿತು. "ಬಾಳೀ, ಇವತ್ತ ಸೋಮವಾರ ಅಲ್ಲೇನ? ಸೋಮವಾರ ಬಸವಣ್ಣನ್ನ ದುಡಸ್ತೀರೇನು?"

"ಯಾರ ದುಡಸ್ತಾರ ಚಿಗವ್ವಾ? ಮದಿವಿ ಮನ್ಯಾಗ ಬಸವಣ್ಣ ದುಡಿಯಂಗಿಲ್ಲ, ಮೆರೀತಾನ."

ಕಾಶವ್ವ ತಲೆದೂಗಿದಳು. ಹೆಂಗಸರೆಲ್ಲ ಹೌದೌದು ಎಂದರು. ಬಾಳವ್ವ ಅವರನ್ನು ಊಟದ ಕಡೆ ಕಳಿಸಿ, ಬಾಗಿಲು ಹಾಕಿ, ಗಂಟು ಬಿಚ್ಚಿದಳು. ಒಳಗೆ ಬಿಳಿ ಬಟ್ಟೆಯಲ್ಲಿ ಆರು ಬ್ರಷ್ಷು, ಒಂದೊಂದರ ತುದಿಯೂ ಮೊಗ್ಗಿನಂತೆ ಕೂಡಿಸಿದ್ದು. ಜೊತೆಗೆ ಹಿಡಿಕೆಗೆ ವಿಭೂತಿ ಬಳಿದ ಒಂದು ದಾಡಿ ಬ್ರಷ್.

"ಇದನ್ನ ನಿನ್ನ ಗಂಡಗ ಕೊಡು, ಬೀಗರ ಮುಂದ ಕರಡಿಯಂಗ ತಿರಗಾಡಾಕತ್ತಾನ. ಇವನ್ನ ನೀ ತೊಗೊ, ಕಣ್ಣ ತೀಡು. ಮೆರಸಾಕಂತ ತಂದೇನಿ."

ಕಾಂತಾಳ ಕಣ್ಣಿಂದ ನೀರು ಇಳಿಯಿತು. "ಅತ್ತಿ, ಅದು ಏಳನೇದು..."

"ಹಂದೀದು. ನಂಗ ಗೊತ್ತಿಲ್ಲೇನು? ಈ ಹುಡುಗಿ ಆರು ಮುಟ್ಟಿ ಒಂದ ಬಿಡತಾಳ. ಮಮ್ತಾಜನ ಮಗಳು ಮುಟ್ಟದ ಕೂದಲ ಯಾವುದು ಅಂತ ತಿಳಿಯಾಕ ಸಾಲಿ ಕಲೀಬೇಕೇನು? ಗುಂಜಿ ಅಡವ್ಯಾಗ ಬೆಳದಾಕಿ ನಾ. ಹಂದಿ ಮೈ ತಿಕ್ಕಿದ ಗಿಡದಾಗ ಈ ಕೂದಲ ಎಷ್ಟ ನೋಡೇನಿ!"

ನೂರಜಹಾನ ಓಡ್ನಿಯಿಂದ ಮುಖ ಮುಚ್ಚಿಕೊಂಡಳು.

"ಗೊತ್ತಿದ್ದೂ ದಿನಾ ವಿಭೂತಿ ಹಚ್ಚಿದ್ರೆಲ್ರೀ!"

"ಕೂದಲಕ್ಕ ಹಚ್ಚೇನೇನು? ಕಟಗೀಗೆ ಹಚ್ಚೇನಿ. ಕಟಗೀಗ್ಯಾವ ಜಾತಿ?" ಬಾಳವ್ವ ಸೊಸೆಯ ಕಣ್ಣನ್ನು ಸೆರಗಿನಿಂದ ಒರೆಸಿದಳು. "ನೀ ಎಂದ ಬಾಯಿ ಬಿಡತಿ ಅಂತ ನೋಡಾಕತ್ತಿದ್ದೆ. ಬಿಡಲಿಲ್ಲ. ನಿನ್ನ ಗಂಡನ ದಾಡಿ ಬ್ರಷ್ಷಿಗೂ ನನ್ನ ಕೈಲೇ ಪೂಜಾ ಮಾಡಿಸಿದಿ. ಇಷ್ಟ ಗಟ್ಟಿ ಇದ್ದಾಕಿ ದುಕಾನ ನಡಸಾಕ ಅಡ್ಡಿ ಇಲ್ಲ. ಊರಿಗೆ ಹೋದ ಮ್ಯಾಲ ಜ್ವಾಳದ ಚೀಲ ಹೊರಗ ತೆಗಸೂಣು."

ಸೊಸೆ ಚಾಪೆಯ ಕೆಳಗೆ ತೂರಿದರೆ ಅತ್ತೆ ರಂಗೋಲಿಯ ಕೆಳಗೇ ತೂರಿದ್ದಳು. ಮಣೆಯ ಮೇಲಿದ್ದ ರೇಣವ್ವ ಮಾತ್ರ ಒಂದು ಕೆನ್ನೆ ಕೆಂಪು, ಒಂದು ಕೆನ್ನೆ ಬಿಳಿ ಮಾಡಿಕೊಂಡು, "ನನ್ನ ಮಾರಿ ಮುಗಸ್ರೀ, ಅಕ್ಕಿಕಾಳ ಹಾಕೂ ಹೊತ್ತಾತು!" ಎಂದು ಕೂಗಿದಳು.

ಬೀದಿಕೋಣೆಗೆ ಕನ್ನಡಿ ಬಂತು, ಕುರ್ಚಿ ಬಂದವು. ಬಾಗಿಲಿಗೆ ತೂಗಿದ ಫಲಕದಲ್ಲಿ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ "ಸೋಮವಾರ ರಜೆ" ಎಂದು ಬರೆಸಿದವಳು ಬಾಳವ್ವ. ಕಾರಣ ಕೇಳಿದವರಿಗೆ, "ಬಸವಣ್ಣಗ ಬಿಡುವು ಬ್ಯಾಡೇನು?" ಎಂದು ಆಕೆಯೇ ಉತ್ತರ ಕೊಡುತ್ತಿದ್ದಳು. ಸೋಮವಾರ ಬೆಳಿಗ್ಗೆ ಬ್ರಷ್ಷುಗಳು ಮಿಂದು, ಎಣ್ಣೆ ಕಂಡು, ತಂತಿಯಲ್ಲಿ ತಲೆಕೆಳಗಾಗಿ ತೂಗಾಡುತ್ತಿದ್ದವು.

ಎಣಿಸಿ ನೋಡಿದವರಿಗೆ ಅಲ್ಲಿ ಆರೇ ಕಾಣುತ್ತಿದ್ದವು. ಮೊದಲ ಸೋಮವಾರ ಮಧ್ಯಾಹ್ನ ಬಾಳವ್ವ ಬೀದಿಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕುಳಿತು, ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ನನ್ನ ಮದಿವ್ಯಾಗ ಅರಿಷಿಣ ಬಿಟ್ರ ಈ ಮಾರಿಗೆ ಯಾರೂ ಏನೂ ಹಚ್ಚಲಿಲ್ಲ" ಎಂದಳು ಕನ್ನಡಿಗೆ ಹೇಳಿದಂತೆ. ಕಾಂತಾ ತಂತಿಯ ಕಡೆ ಹೊರಟಾಗ ಬಾಳವ್ವ ಹಿಂದಿನಿಂದ ಕರೆದಳು.

"ಏ, ಅವ್ರನ್ನ ಎಬ್ಬಿಸಬ್ಯಾಡ, ಸೋಮವಾರ. 'ಅವ'ನ್ನ ತಾ."